ಕಾಕಾ ಲಿಮಿಟೆಡ್ ಆದದ್ದು

ಬೆಟಗೇರಿಯ ನಮ್ಮ ಮನೆಯಲ್ಲಿ ಕಂಪ್ಯೂಟರ್ ಕುಳಿತದ್ದು ಪಡಸಾಲೆಯಲ್ಲಿ, ಜೋಳದ ಚೀಲಗಳ ಮಗ್ಗುಲಲ್ಲಿ. ಬೇರೆ ಕಡೆ ಜಾಗ ಇರಲಿಲ್ಲ. ಅಡುಗೆಮನೆಯಲ್ಲಿ ಹೊಗೆ, ಹಿಂದಿನ ಕೋಣೆಯ ಗೋಡೆಗೆ ಸದಾ ತೇವ, ದೇವರ ಜಗಲಿಯ ಹತ್ತಿರ ಇಡುವುದು ಅವ್ವನಿಗೆ ಸರಿಬರಲಿಲ್ಲ. ಪಡಸಾಲೆಗಾದರೆ ಬೀದಿಯ ಕಡೆಗೆ ಒಂದು ಕಿಟಕಿ ಇತ್ತು. ಅದರಿಂದ ಗಾಳಿಯೂ ಬರುತ್ತಿತ್ತು, ಎದುರು ಸಾಲಿನ ಮನೆಗಳ ಮಗ್ಗದ ಸದ್ದೂ ಬರುತ್ತಿತ್ತು. ಕಂಪ್ಯೂಟರ್ ಹೊಸದೇನಲ್ಲ, ಗದಗಿನ ಯಾವುದೋ ಆಫೀಸಿನಲ್ಲಿ ದುಡಿದು ಹಳತಾದದ್ದು. ಬೆನ್ನು ಚಾಚಿಕೊಂಡ ದೊಡ್ಡ ಮಾನಿಟರ್, ಹಳದಿಗೆ ತಿರುಗಿದ ಕೀಬೋರ್ಡ್, ಕರೆಂಟು ಹೋದ ಕೂಡಲೇ ಕಿರುಚತೊಡಗುವ ಯುಪಿಎಸ್. ಅವ್ವ ತನ್ನ ಹಳೆಯ ಇಳಕಲ್ ಸೀರೆಯನ್ನು ಕತ್ತರಿಸಿ ಅದಕ್ಕೊಂದು ಗವಸು ಹೊಲಿದಿದ್ದಳು. ಬೆಳಿಗ್ಗೆ ಆ ಗವಸನ್ನು ತೆಗೆದು ಮಡಚಿ, ಊದಿನಕಡ್ಡಿ ಬೆಳಗಿ, ಆಮೇಲೆಯೇ ಗುಂಡಿ ಒತ್ತುವುದು ನಮ್ಮ ಮನೆಯ ಪದ್ಧತಿ. ದಿನಾ ಪೂಜೆ ಮಾಡಿಸಿಕೊಳ್ಳುತ್ತಿದ್ದ ಆ ಯಂತ್ರವೇ ಮನೆಯನ್ನು ಒಡೆಯಿತು ಎಂದು ನೆರೆಯವರು ಹೇಳುತ್ತಿದ್ದರು. ಯಂತ್ರದ ಮೇಲೆ ಅಪವಾದ ಹೊರಿಸಲು ನನಗೆ ಇವತ್ತಿಗೂ ಮನಸ್ಸಾಗುವುದಿಲ್ಲ.

ಅಪ್ಪ ಮೊದಲು ಒಂದು ಮುದ್ರಣಾಲಯದಲ್ಲಿ ಸೀಸದ ಅಚ್ಚುಮೊಳೆ ಜೋಡಿಸುತ್ತಿದ್ದ. ಆ ಕಾಲ ಮುಗಿದು ಮುದ್ರಣಾಲಯ ಬಾಗಿಲು ಹಾಕಿದ ಮೇಲೆ ಬಹಳ ದಿನ ಕಟ್ಟೆಯ ಮೇಲೆ ಕೂತು ಬೀದಿ ನೋಡಿದ. ಅವನನ್ನು ಎಬ್ಬಿಸಿದವನು ಕಾಕಾ. ಅಪ್ಪನ ತಮ್ಮ ಮಲ್ಲಪ್ಪ, ಇನ್ನೂ ಮದುವೆಯಾಗದೆ ನಮ್ಮ ಜೊತೆಯೇ ಇದ್ದವನು. ಗದಗಿನಲ್ಲಿ ಕಂಪ್ಯೂಟರ್ ಕ್ಲಾಸಿಗೆ ಹೋಗಿ ಬಂದು, ಇನ್ನು ಲಗ್ನಪತ್ರಿಕೆಯನ್ನು ಮನೆಯಲ್ಲೇ ಜೋಡಿಸಬಹುದು, ಅಚ್ಚು ಹಾಕಿಸುವುದಕ್ಕಷ್ಟೇ ಪ್ರೆಸ್ಸಿಗೆ ಹೋದರೆ ಸಾಕು ಎಂದು ಅಪ್ಪನನ್ನು ಒಪ್ಪಿಸಿದ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಎಂದು ಬಸ್ಸಿನಲ್ಲಿ ತಿರುಗಿ ಕೆಲಸ ಹಿಡಿದು ತರುವವನು ಅವನೇ. ಬೆರಳಿನಲ್ಲಿ ಮೊಳೆ ಹಿಡಿದು ರೂಢಿಯಿದ್ದ ಅಪ್ಪನಿಗೆ ಮೌಸ್ ಹಿಡಿಯುವುದನ್ನು ಕಲಿಸಿದವನೂ ಅವನೇ. ಅಪ್ಪ ಅದನ್ನು ಹಿಡಿಯುತ್ತಿದ್ದದ್ದು ಹಕ್ಕಿಮರಿಯನ್ನು ಹಿಡಿದ ಹಾಗೆ, ಎಲ್ಲಿ ಸತ್ತುಹೋದೀತೋ ಎನ್ನುವ ಹಾಗೆ.

ಯಂತ್ರ ಬಂದ ಮೊದಲ ದಿನ ಕಾಕಾ ಅದರಲ್ಲಿ ನಮಗೆಲ್ಲ ಬೇರೆ ಬೇರೆ ಅಕೌಂಟು ತೆರೆದ. ಗುಂಡಿ ಒತ್ತಿದರೆ ನೀಲಿ ಪರದೆಯ ಮೇಲೆ ಹೆಸರುಗಳು ಒಂದರ ಕೆಳಗೊಂದು ಬರುತ್ತಿದ್ದವು. ಅವ್ವ ರೊಟ್ಟಿ ಬಡಿಯುತ್ತಿದ್ದ ಕೈಯಲ್ಲೇ ಬಂದು ಬಾಗಿಲಿಗೆ ನಿಂತು ನೋಡಿದಳು.

"ಇದೇನು ಮಲ್ಲಣ್ಣ, ಹೆಸರ ಕೇಳತೈತಲ್ಲ?"

"ಯಾರು ಬಂದಾರ ಅಂತ ಕೇಳತೈತಿ, ವೈನಿ. ಅಣ್ಣಂದು ಮ್ಯಾಲ ಐತಿ. ಅದರ ಕೆಳಗ ನಂದು. ಇಬ್ರೂ ಅಡ್ಮಿನಿಸ್ಟ್ರೇಟರ್. ಅಂದ್ರ ಮನಿ ಯಜಮಾನ್ರು. ಹೊಸಾದು ಹಾಕಬಹುದು, ಇದ್ದದ್ದು ತಗೀಬಹುದು. ನಮ್ಮ ಸುಮಿದು ಲಿಮಿಟೆಡ್."

"ಲಿಮಿಟೆಡ್ ಅಂದ್ರ?"

"ಬೀಗರು ಬಂದಂಗ. ಕುಂದ್ರಬಹುದು, ಉಣ್ಣಬಹುದು. ಕಪಾಟಕ್ಕ ಕೈ ಹಾಕಾಕ ಬರಂಗಿಲ್ಲ. ನಿಮ್ಮದೂ ಒಂದು ಮಾಡ್ಲೇನು?"

"ನನಗ್ಯಾಕ? ನಮ್ಮ ಒಲಿ ಯಾರ ಹೆಸರೂ ಕೇಳಂಗಿಲ್ಲ. ನನಗ ಅದ ಸಾಕು," ಎಂದು ಅವ್ವ ನಗುತ್ತ ಒಳಗೆ ಹೋದಳು.

ಅಪ್ಪನಿಗೆ ಬೇಕಾದಷ್ಟು ಅಧಿಕಾರ ಕೊಟ್ಟವನು, ಅದನ್ನು ಎಲ್ಲಿಂದ ಕೊಡಬೇಕು, ಎಲ್ಲಿಂದ ಕಸಿದುಕೊಳ್ಳಬೇಕು ಎಂದು ತೋರಿಸಿದವನು ಕಾಕಾನೇ. ಪಾಸ್‌ವರ್ಡ್ ಹಾಕುವಾಗ ತಾನು ಮುಖ ತಿರುಗಿಸಿ ಕಿಟಕಿಯ ಕಡೆ ನೋಡಿದ. ಹಿರಿಯರ ಪಾಸ್‌ವರ್ಡು ಕಿರಿಯರು ನೋಡಬಾರದು ಎಂದು ನನಗೂ ಮುಖ ತಿರುಗಿಸಲು ಹೇಳಿದ.

ಒಂದೆರಡು ವರ್ಷ ಆ ಪಡಸಾಲೆ ತುಂಬಿಕೊಂಡಿತ್ತು. ಯಂತ್ರದೊಳಗಿನ ಸಣ್ಣ ಬ್ಯಾಟರಿ ಸತ್ತಿದ್ದರಿಂದ ಸ್ವಿಚ್ ತೆಗೆದರೆ ಅದರ ಗಡಿಯಾರ ಹಿಂದಿನ ಯಾವುದೋ ವರ್ಷಕ್ಕೆ ಹೋಗಿ ನಿಲ್ಲುತ್ತಿತ್ತು. ಕಾಕಾ ಜಳಕ ಮಾಡಿ, ಹಣೆಗೆ ವಿಭೂತಿ ಹಚ್ಚಿಕೊಂಡು ಕುರ್ಚಿಗೆ ಬಂದು, "ಸುಮಿ, ಇವತ್ತ ತಾರೀಖ ಎಷ್ಟ?" ಎಂದು ಕೂಗುತ್ತಿದ್ದ. ನಾನು ಗೋಡೆಯ ಕ್ಯಾಲೆಂಡರ್ ನೋಡಿ ಹೇಳುತ್ತಿದ್ದೆ. ಅವನು ತಿದ್ದಿದ ಮೇಲೆ ನಮ್ಮ ದಿನ ಶುರು. ಮಧ್ಯಾಹ್ನ ಅವ್ವ ಕೆಲಸ ಮುಗಿಸಿ ಬಂದು, ಕರಡು ಹಾಳೆಯನ್ನು ಕೈಯಲ್ಲಿ ಹಿಡಿದು ಗಟ್ಟಿಯಾಗಿ ಓದುತ್ತಿದ್ದಳು. ಯಾವ ಊರಿನ ಯಾರ ಮಗಳು, ಯಾರ ಮೊಮ್ಮಗ, ಎಲ್ಲವನ್ನೂ ಬಿಡದೆ ಓದುವಳು. ತಪ್ಪು ಸಿಕ್ಕರೆ ಅಪ್ಪ ತಿದ್ದುತ್ತಿದ್ದ, ಕಾಕಾ ಪಕ್ಕದಲ್ಲಿ ಕೂತು ಶೇಂಗಾ ಸುಲಿದು ನನ್ನ ಕೈಗೆ ಹಾಕುತ್ತಿದ್ದ. ಮನೆಯೆಂದರೆ ಹೀಗೆಯೇ ಇರುತ್ತದೆ ಎಂದು ನಾನು ತಿಳಿದಿದ್ದೆ.

ಅದು ಕೆಟ್ಟದ್ದು ಒಂದು ಲಗ್ನಪತ್ರಿಕೆಯಿಂದ. ಅವ್ವ ತವರುಮನೆ ಹಿರೇವಡ್ಡಟ್ಟಿಗೆ ಹೋಗಿದ್ದಳು. ಕಾಕಾ ಗೆಳೆಯನೊಬ್ಬನಿಂದ ಹೊಸ ಅಕ್ಷರಗಳ ಸಿಡಿಯೊಂದನ್ನು ತಂದು ಯಂತ್ರಕ್ಕೆ ಹಾಕಿದ. ಅದಾದ ಮರುದಿನವೇ ಯಂತ್ರ ಮುಗ್ಗರಿಸತೊಡಗಿತು. ತೆರೆದ ಫೈಲು ಮುಚ್ಚುತ್ತಿರಲಿಲ್ಲ, ಮುಚ್ಚಿದ್ದು ತೆರೆಯುತ್ತಿರಲಿಲ್ಲ. ಸಿಡಿಯಿಂದಲೇ ವೈರಸ್ ಬಂತೋ, ಪ್ರೆಸ್ಸಿಗೆ ಒಯ್ದು ತರುತ್ತಿದ್ದ ಪೆನ್ ಡ್ರೈವಿನಿಂದ ಬಂತೋ ಯಾರಿಗೂ ಗೊತ್ತಾಗಲಿಲ್ಲ. ಜೋಡಿಸಿಟ್ಟಿದ್ದ ಲಕ್ಷ್ಮೇಶ್ವರದ ಒಂದು ದೊಡ್ಡ ಮನೆತನದ ಪತ್ರಿಕೆ ಅದರಲ್ಲಿ ಅಳಿಸಿಹೋಯಿತು. ಅವಸರದಲ್ಲಿ ಕಾಕಾ ಹಳೆಯ ಯಾವುದೋ ಪತ್ರಿಕೆಯನ್ನು ತೆಗೆದು, ಅದರ ಮೇಲೆಯೇ ಹೊಸ ಹೆಸರುಗಳನ್ನು ಕೂರಿಸಿದ. ಅಪ್ಪ ಒಮ್ಮೆ ಓದಿ, ಸರಿ ಇದೆ ಎಂದು ಅಚ್ಚಿಗೆ ಕಳಿಸಿದ. ನಮ್ಮ ಕಡೆ ಪತ್ರಿಕೆಯಲ್ಲಿ ತೀರಿಹೋದ ಹಿರಿಯರ ಹೆಸರಿನ ಮುಂದೆ 'ಲಿಂ.' ಎಂದು ಹಾಕುತ್ತಾರೆ, ಲಿಂಗೈಕ್ಯರಾದವರು ಎಂದು. ಹಳೆಯ ಪತ್ರಿಕೆಯಲ್ಲಿದ್ದ ಆ ಒಂದಕ್ಷರ, ಹೊಸ ಪತ್ರಿಕೆಯಲ್ಲಿ ಮದುಮಗನ ಅಜ್ಜನ ಹೆಸರಿನ ಮುಂದೆ ಹಾಗೆಯೇ ಉಳಿದುಬಿಟ್ಟಿತು. ಅಜ್ಜ ಬದುಕಿದ್ದ.

ಬದುಕಿದ್ದವನೇ ನಮ್ಮ ಮನೆಗೆ ಬಂದ. ಬಿಳಿ ರುಮಾಲು ಸುತ್ತಿದ ಎತ್ತರದ ಮುದುಕ, ಜೊತೆಗೆ ಅವನ ಮಗ. ಮುದುಕ ಕೂಗಾಡಲಿಲ್ಲ. ಪಡಸಾಲೆಯಲ್ಲಿ ಕೂತು, ಪತ್ರಿಕೆಯನ್ನು ಅಪ್ಪನ ಮುಂದೆ ಹಿಡಿದ.

"ಈರಣ್ಣಾರ, ನಾ ಇನ್ನೂ ಅದೀನ್ರಿ. ಬೇಕಾದ್ರ ಮುಟ್ಟಿ ನೋಡ್ರಿ."

ಕೂಗಾಡಿದವನು ಮಗ. "ಬೀಗರ ಊರಿಂದ ಜನ ಮಾತಾಡ್ಸಾಕ ಬಂದ್ರು! ಸತ್ತ ಮನಿಗೆ ಬರೂವಂಗ! ಬಾಗಿಲ ತಗದಾವ ಈ ಮುದುಕ! ಏನ್ ಹೇಳೂಣು ಅವ್ರಿಗೆ?"

ಅಪ್ಪ ಎದ್ದು ಮುದುಕನ ಕಾಲು ಮುಟ್ಟಿದ. ಕಾಕಾನೂ ಮುಟ್ಟಲು ಬಗ್ಗಿದಾಗ ಅಪ್ಪ ಅವನ ತೋಳು ಹಿಡಿದು ಹಿಂದಕ್ಕೆ ಸರಿಸಿದ. ಬೀದಿಯ ಜನ ಕಿಟಕಿಯಲ್ಲಿ ಇಣುಕುತ್ತಿದ್ದರು. ಎದುರುಮನೆಯ ಮಗ್ಗವೂ ನಿಂತಿತ್ತು. ಹೊಸ ಪತ್ರಿಕೆ ಅಚ್ಚು ಹಾಕಿಸಿ ಮನೆಮನೆಗೆ ತಾನೇ ಹಂಚಿ ಬರುವುದಾಗಿ ಅಪ್ಪ ಮಾತು ಕೊಟ್ಟ, ಹಾಗೆಯೇ ಹಂಚಿಯೂ ಬಂದ. ಮನೆಗೆ ಬಂದು ಊಟ ಮಾಡಲಿಲ್ಲ. ಅಚ್ಚಿಗೆ ಮುಂಚೆ ಕಡೆಯ ಸಲ ಓದಿದ್ದು ತಾನೇ ಎನ್ನುವುದು ಅವನಿಗೆ ಗೊತ್ತಿತ್ತು. ಜೀವನವಿಡೀ ಅಕ್ಷರ ನೋಡಿದ ಕಣ್ಣು ಒಂದು 'ಲಿಂ' ಕಾಣದೆ ಹೋದದ್ದನ್ನು ಅವನು ಯಾರ ಹತ್ತಿರವೂ ಆಡಲಿಲ್ಲ. ಆಡಿದ್ದು ಸಿಡಿಯ ಬಗ್ಗೆ ಮಾತ್ರ.

ಮರುದಿನ ಮಧ್ಯಾಹ್ನ ಕಾಕಾ ಶಿರಹಟ್ಟಿಗೆ ಹೋಗಿದ್ದಾಗ ಅಪ್ಪ ಕಂಪ್ಯೂಟರಿನ ಮುಂದೆ ಕೂತ. ನಾನು ನೆಲದ ಮೇಲೆ ಶಾಲೆಯ ಪಾಠ ಬರೆಯುತ್ತಿದ್ದೆ. ಕಾಕಾ ಕಲಿಸಿದ್ದ ದಾರಿಯಲ್ಲೇ ಒಂದೊಂದೇ ಕಿಟಕಿ ತೆರೆಯುತ್ತ, ಪ್ರತಿ ಸಾಲನ್ನೂ ತುಟಿಯಲ್ಲಿ ಓದಿಕೊಳ್ಳುತ್ತ ಅಪ್ಪ ಹೋಗುತ್ತಿದ್ದ. ಕೊನೆಗೆ ಎರಡು ಸಣ್ಣ ಸುತ್ತುಗಳು ಇರುವ ಪುಟ ಬಂತು, ಒಂದರ ಮುಂದೆ ಅಡ್ಮಿನಿಸ್ಟ್ರೇಟರ್, ಇನ್ನೊಂದರ ಮುಂದೆ ಲಿಮಿಟೆಡ್. ಅಪ್ಪ ಬಹಳ ಹೊತ್ತು ಅದನ್ನೇ ನೋಡಿದ. ಆಮೇಲೆ ಒತ್ತಿ, ಗವಸು ಹಾಕಿ ಎದ್ದ. ಅಪ್ಪ ಯಾರ ಸಹಾಯವೂ ಇಲ್ಲದೆ ಕೆಲಸ ಮಾಡಿದ ಎಂದಷ್ಟೇ ನನಗೆ ಅನಿಸಿತ್ತು. ಹೆಮ್ಮೆಯೂ ಆಗಿತ್ತು.

ಮರುದಿನ ಬೆಳಿಗ್ಗೆ ಕಾಕಾ ಎಂದಿನಂತೆ ತಾರೀಖು ಕೇಳಿದ, ನಾನು ಹೇಳಿದೆ. ಅವನು ಮೂಲೆಯ ಗಡಿಯಾರದ ಮೇಲೆ ಒತ್ತಿದ. ಸಮಯ ಬದಲಿಸುವ ಅಧಿಕಾರ ನಿಮಗಿಲ್ಲ ಎಂದು ಯಂತ್ರ ಹೇಳಿತು. ಮತ್ತೊಮ್ಮೆ ಒತ್ತಿದ. ಮತ್ತೆ ಅದನ್ನೇ ಹೇಳಿತು.

"ಅಣ್ಣಾ, ತಾರೀಖ ತಿದ್ದಾಕ ಬಿಡವಲ್ತಲ್ಲ ಇದು."

"ನಾ ತಿದ್ದತೀನಿ. ನೀ ಏಳು," ಎಂದ ಅಪ್ಪ.

ಕಾಕಾ ಏಳಲಿಲ್ಲ. ಅಕೌಂಟುಗಳ ಪುಟ ತೆರೆದು ನೋಡಿದ. ಅವನ ಹೆಸರಿನ ಕೆಳಗೆ ನನ್ನ ಹೆಸರಿನ ಕೆಳಗಿದ್ದ ಮಾತೇ ಇತ್ತು.

"ನನ್ನ ಲಿಮಿಟೆಡ್ ಮಾಡೀಯೇನು?"

"ಹೂಂ. ಮಾಡೀನಿ."

"ನನಗೊಂದ ಮಾತ ಹೇಳಬೇಕೋ ಬ್ಯಾಡೋ?"

"ಆ ಸಿಡಿ ಹಾಕೂಮುಂದ ನೀ ನನಗ ಹೇಳಿದ್ದೇನು?"

"ತಪ್ಪಾತು ಅಂತ ಮೊನ್ನೆನ ಅಂದೀನಲ್ಲೋ ಅಣ್ಣಾ! ಬೈಬೇಕಿತ್ತು. ನಾಕ ಮಂದಿ ಮುಂದ ಹೊಡದಿದ್ರೂ ಹೊಡಿಸ್ಕೋತಿದ್ನಿ. ನಾ ಮನ್ಯಾಗ ಇಲ್ಲದಾಗ ಕಳವಿಲೆ ಮಾಡೀಯಲ್ಲ!"

"ನನ್ನ ಮನ್ಯಾಗ ನಾ ಕಳವು ಮಾಡ್ತೀನೇನಲೇ?"

'ನನ್ನ ಮನಿ' ಎಂಬ ಮಾತು ಅಪ್ಪನ ಬಾಯಲ್ಲಿ ಆವರೆಗೆ ನಾನು ಕೇಳಿರಲಿಲ್ಲ. ಆ ಹೊತ್ತಿಗೆ ತವರಿನಿಂದ ಬಂದಿದ್ದ ಅವ್ವ ಬದನೆಕಾಯಿ ಪಲ್ಯದ ಬೋಗುಣಿ ಹಿಡಿದುಕೊಂಡೇ ಹೊರಗೆ ಬಂದು, "ಮುಂಜಾನೆದ್ದು ಇದೇನ ಹಚ್ಚೀರಿ? ಏಳ್ರಿ, ಉಣ್ಣಾಕ ಬರ್ರಿ," ಎಂದಳು. ಅಣ್ಣತಮ್ಮಂದಿರು ಎದುರುಬದುರು ಕೂತು ಉಂಡರು.

ಅಂದೇ ಹೋಗಿದ್ದರೆ ಕಾಕಾನಿಗೆ ಒಳ್ಳೆಯದಿತ್ತೇನೋ. ಅವನು ಹೋಗಲಿಲ್ಲ, ಇನ್ನೂ ಕೆಲವು ತಿಂಗಳು ಇದ್ದ. ಲಿಮಿಟೆಡ್ ಅಕೌಂಟಿನಲ್ಲಿ ಹೊಸ ಅಕ್ಷರ ಹಾಕಲು ಬರುತ್ತಿರಲಿಲ್ಲ. ಅಪ್ಪನ ಫೈಲುಗಳನ್ನು ತೆರೆಯಲು ಹೋದರೆ ಯಂತ್ರ ಬಿಡುತ್ತಿರಲಿಲ್ಲ. ಎಲ್ಲದಕ್ಕೂ ಅವನು ಎದ್ದು ಕಟ್ಟೆಯವರೆಗೆ ಹೋಗಿ, "ಅಣ್ಣಾ, ಸ್ವಲ್ಪ ಬಾ," ಎಂದು ಕರೆಯಬೇಕು. ಅಪ್ಪ ಬಂದು, ಎಡಗೈಯನ್ನು ಕೀಬೋರ್ಡಿಗೆ ಮರೆಮಾಡಿ, ಬಲಗೈಯ ಒಂದೇ ಬೆರಳಿನಿಂದ ಪಾಸ್‌ವರ್ಡ್ ಒತ್ತುತ್ತಿದ್ದ. ಮೊದಮೊದಲು ಕಾಕಾ ಆಗಲೂ ಮುಖ ತಿರುಗಿಸಿ ಕಿಟಕಿ ನೋಡುತ್ತಿದ್ದ. ಆಮೇಲೆ ಅಪ್ಪನ ಆ ಮುಚ್ಚಿದ ಕೈಯನ್ನೇ ನೋಡತೊಡಗಿದ. ಅವ್ವ ಎಷ್ಟೋ ಸಲ ಹೇಳಿದಳು, "ಮೊದಲಿನಂಗ ಮಾಡಿಬಿಡ್ರಿ, ಆ ಹುಡುಗನ ಮಾರಿ ನೋಡಾಕ ಆಗವಲ್ತು," ಎಂದು. ಅಪ್ಪ, "ಮಾಡೂಣು, ಮಾಡೂಣು," ಎನ್ನುತ್ತಿದ್ದ. ಮಾಡುವ ಮನಸ್ಸು ಅವನಿಗೆ ಇತ್ತು ಎಂದೇ ನಾನು ನಂಬಿದ್ದೇನೆ. ತಾನಾಗಿ ಮಾಡಿದರೆ ತಪ್ಪು ಒಪ್ಪಿಕೊಂಡಂತಾಗುತ್ತದೆ ಎಂದು ತಮ್ಮ ಕೇಳಲಿ ಎಂದು ಕಾದ. ತಮ್ಮ, ಕೇಳಿ ಇಸಿದುಕೊಳ್ಳುವುದಲ್ಲ ಇದು ಎಂದು ಕಾದ. ಹೀಗೆ ಕಾಯುತ್ತಿರುವಾಗಲೇ ಮುಂಡರಗಿಯ ಪ್ರೆಸ್ಸೊಂದರಲ್ಲಿ ಕಾಕಾನಿಗೆ ಕೆಲಸ ಸಿಕ್ಕಿತು. ಒಂದು ಬೆಳಿಗ್ಗೆ ಟ್ರಂಕು ಹಿಡಿದು, ಅವ್ವನ ಕಾಲು ಮುಟ್ಟಿ, ಕಟ್ಟೆಯ ಮೇಲಿದ್ದ ಅಪ್ಪನಿಗೆ "ಬರ್ತೀನಿ," ಎಂದು ಹೇಳಿ ಹೋದ. ಅಪ್ಪ ಬೀದಿ ನೋಡುತ್ತ, "ಹೂಂ," ಎಂದ.

ಆ ವರ್ಷದ ದಸರೆ ನನಗೆ ಮರೆಯದು. ನಮ್ಮಲ್ಲಿ ಸಂಜೆ ಕಿರಿಯರು ಹಿರಿಯರ ಕೈಗೆ ಬನ್ನಿ ಎಲೆ ಕೊಟ್ಟು, ಬಂಗಾರದಂಗ ಇರೋಣ ಎಂದು ಕಾಲು ಮುಗಿಯುತ್ತಾರೆ. ಎಷ್ಟೇ ಜಗಳವಿದ್ದರೂ ಅಂದು ಬಿಟ್ಟುಕೊಡುತ್ತಾರೆ. ಅಪ್ಪ ಹೊಸ ಧೋತರ ಉಟ್ಟು ಕಟ್ಟೆಯ ಮೇಲೆ ಕೂತ. ಓಣಿಯ ಹುಡುಗರೆಲ್ಲ ಬಂದು ಬನ್ನಿ ಕೊಟ್ಟು ಹೋದರು. ಅಪ್ಪನ ಮಡಿಲಲ್ಲಿ ಎಲೆಗಳ ಗುಡ್ಡೆಯಾಯಿತು. ಬೀದಿದೀಪ ಹತ್ತಿದ ಮೇಲೂ ಅವನು ಏಳಲಿಲ್ಲ. ಅವ್ವ ಕೈ ಹಿಡಿದು ಒಳಗೆ ಕರೆತಂದಳು.

ಈಗ ನಾನು ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತೇನೆ. ಯಾರಿಗೆ ಯಾವ ಬಾಗಿಲು ತೆರೆಯಬೇಕು, ಯಾರಿಗೆ ಮುಚ್ಚಬೇಕು ಎನ್ನುವುದೇ ನನ್ನ ಕೆಲಸ. ಯಾರದಾದರೂ ಅಕೌಂಟು ಕಡಿಮೆ ಮಾಡಲು ಮೇಲಿನಿಂದ ಆದೇಶ ಬಂದರೆ ನಾನು ಮೊದಲು ಆ ಮನುಷ್ಯನನ್ನು ಕರೆದು ಕೂರಿಸಿ ಹೇಳುತ್ತೇನೆ, ಆಮೇಲೆ ಮಾಡುತ್ತೇನೆ. ಇಷ್ಟು ಸಣ್ಣ ಕೆಲಸಕ್ಕೆ ಇಷ್ಟೇಕೆ ಮೇಡಂ ಎಂದು ಜೊತೆಯವರು ನಗುತ್ತಾರೆ.

ಅಪ್ಪನಿಗೆ ಲಕ್ವ ಹೊಡೆದದ್ದು ನಾನು ಈ ಕೆಲಸಕ್ಕೆ ಸೇರುವ ಮೊದಲು, ಕಾಕಾ ಹೋಗಿ ಕೆಲವು ವರ್ಷಗಳಾದ ಮೇಲೆ, ಒಂದು ಚಳಿಗಾಲದ ಬೆಳಿಗ್ಗೆ ಮುಖ ತೊಳೆಯುತ್ತಿದ್ದಾಗ. ಬಲಗೈ ಬಲಗಾಲು ಬಿದ್ದವು. ಹುಬ್ಬಳ್ಳಿಯ ಆಸ್ಪತ್ರೆಗೆ ಕಾಕಾ ಒಂದು ಸಲ ಬಂದಿದ್ದ. ಅಪ್ಪನಿಗೆ ಆಗ ಎಚ್ಚರವಿರಲಿಲ್ಲ. ಮಂಚದ ಹತ್ತಿರ ನಿಂತು, ಹಣ್ಣಿನ ಚೀಲ ನನ್ನ ಕೈಗೆ ಕೊಟ್ಟು ಹೋದವನು ಮತ್ತೆ ಬರಲಿಲ್ಲ. ಅವ್ವ ಅದನ್ನು ಮನಸ್ಸಿಗೆ ಹಚ್ಚಿಕೊಂಡಳು. ಮನೆಗೆ ಬಂದ ಮೇಲೆ ಅಪ್ಪನಿಗೆ ಉಳಿದದ್ದು ಒಂದೇ ಮಾತು, "ಆತು." ನೀರು ಬೇಕಾದರೂ ಆತು, ಸಾಕಾದರೂ ಆತು, ನೋವಾದರೂ ಆತು. ಬೇಡ ಎನ್ನುವುದಕ್ಕೂ ಅದೇ. ಅವನ ಕಣ್ಣು ನೋಡಿ ನಾವು ಅರ್ಥ ಮಾಡಿಕೊಳ್ಳಬೇಕಿತ್ತು. ಪಾಸ್‌ವರ್ಡ್ ಏನೆಂದು ಅವ್ವ ಕೇಳಿದಾಗ ಅವನು ಎಡಗೈ ಎತ್ತಿ ಗಾಳಿಯಲ್ಲಿ ಏನೋ ಒತ್ತಿದ, ನಡುವೆಯೇ ಮರೆತ, ಅತ್ತ. ಲಗ್ನದ ಸುಗ್ಗಿ ಹತ್ತಿರ ಬಂದಿತ್ತು. ಪತ್ರಿಕೆಗಳೆಲ್ಲ ಅಪ್ಪನ ಅಕೌಂಟಿನ ಒಳಗೆ ಸಿಕ್ಕಿಕೊಂಡಿದ್ದವು. ನನ್ನದರಿಂದ ಅದನ್ನು ಮುಟ್ಟಲು ಬರುತ್ತಿರಲಿಲ್ಲ. ರಿಪೇರಿ ಅಂಗಡಿಯವನು ಎಲ್ಲ ಅಳಿಸಿ ಹೊಸದಾಗಿ ಹಾಕಬೇಕು ಎಂದ. ಆಗ ಅವ್ವ ಎರಡು ದಿನ ಯೋಚಿಸಿ, ನನ್ನ ಕೈಯಿಂದ ಮುಂಡರಗಿಗೆ ಫೋನ್ ಹಚ್ಚಿಸಿದಳು.

ಕಾಕಾ ಮರುದಿನವೇ ಬಂದ. ತಲೆಯಲ್ಲಿ ಬೆಳ್ಳಿಕೂದಲು ಬಂದಿದ್ದವು. ಅಪ್ಪನನ್ನು ಕಿಟಕಿಯ ಹತ್ತಿರದ ಮಂಚದಲ್ಲಿ ದಿಂಬಿಗೆ ಆನಿಸಿ ಕೂರಿಸಿದ್ದೆವು. "ಹೆಂಗದಿ ಅಣ್ಣಾ?" ಎಂದ. ಅಪ್ಪ, "ಆತು," ಎಂದ. ಅಷ್ಟೇ ಮಾತು. ಕಾಕಾ ಯಂತ್ರದ ಮುಂದೆ ಕೂತು, ಅದು ಏಳುವಾಗಲೇ ಒಂದು ಗುಂಡಿಯನ್ನು ಮತ್ತೆ ಮತ್ತೆ ಒತ್ತಿ, ಕಪ್ಪು ಪರದೆಯೊಂದನ್ನು ತಂದ. ಈ ಯಂತ್ರದಲ್ಲಿ ನಮ್ಮೆಲ್ಲರಿಗಿಂತ ಮೇಲಿನದೊಂದು ಅಕೌಂಟು ಕಣ್ಣಿಗೆ ಕಾಣದಂತೆ ಇರುತ್ತದೆ, ಅದಕ್ಕೆ ತಾನು ಪಾಸ್‌ವರ್ಡನ್ನೇ ಹಾಕಿರಲಿಲ್ಲ ಎಂದು ನನಗೆ ಹೇಳಿದ. ಅಂದರೆ ಲಿಮಿಟೆಡ್ ಆಗಿದ್ದ ಆ ತಿಂಗಳುಗಳಲ್ಲಿ ಯಾವತ್ತು ಬೇಕಾದರೂ ಅವನು ತನ್ನ ಅಧಿಕಾರ ತಾನೇ ತೆಗೆದುಕೊಳ್ಳಬಹುದಿತ್ತು. ಅಪ್ಪನನ್ನು ಕರೆಯುವ ಅಗತ್ಯವೇ ಇರಲಿಲ್ಲ. ನಾನು ಅವನ ಮುಖ ನೋಡಿದೆ. ಅವನು ಪರದೆ ನೋಡುತ್ತಿದ್ದ.

ಸ್ವಲ್ಪ ಹೊತ್ತಿನಲ್ಲಿ ಅಪ್ಪನ ಪಾಸ್‌ವರ್ಡು ಹೋಯಿತು, ಪತ್ರಿಕೆಗಳು ತೆರೆದವು. ಕಾಕಾ ಅವ್ವನ ಹೆಸರಿನಲ್ಲಿ ಹೊಸ ಅಕೌಂಟು ಮಾಡಿದ.

"ವೈನಿ, ಇನ್ನ ನೀವ ಅಡ್ಮಿನಿಸ್ಟ್ರೇಟರ್."

"ಅದಿರ್ಲಿ. ನಿಂದು ಮೊದಲಿನಂಗ ಮಾಡ್ಕೊ ಮಲ್ಲಣ್ಣ."

"ನಂದು ತಗದಬಿಡೂಣು. ಸುಮ್ನ ಯಾಕ ಜಾಗಾ ಹಿಡೀಬೇಕು? ಇಲ್ಲಿ ಒತ್ರಿ ನೀವು."

"ನಾ ಒತ್ತಂಗಿಲ್ಲ. ಮನಿ ಮಗನ ಹೆಸರ ಅಳಸಾಕ ನನಗ ಕಂಪ್ಯೂಟರ್ ಬ್ಯಾಡ," ಎಂದು ಅವ್ವ ಸಿಟ್ಟಿನಿಂದ ಒಳಗೆ ಹೋಗಿ ಚಹಾಕ್ಕೆ ನೀರಿಟ್ಟಳು. ನಾನೂ ಅವಳ ಹಿಂದೆ ಹೋದೆ. ಅಡುಗೆಮನೆಗೆ ಎಲ್ಲವೂ ಕೇಳಿಸುತ್ತಿತ್ತು.

"ಅಣ್ಣಾ, ನಂದು ತಗೀಲೇನು?"

ಅಪ್ಪನ ದನಿ ಬಂತು. "ಆತು." ಮತ್ತೆ, ಇನ್ನೂ ಜೋರಾಗಿ, "ಆತು! ಆತು! ಆತು!"

ಅವ್ವ ಕೈಯಲ್ಲಿದ್ದ ಬಟ್ಟಲು ಬಿಟ್ಟು ಓಡಿದಳು. ಯಂತ್ರ ಆಗಲೇ ಅವನ ಫೈಲುಗಳನ್ನು ಇಟ್ಟುಕೊಳ್ಳಲೋ ಅಳಿಸಲೋ ಎಂದು ಕೇಳಿ, ಅಳಿಸು ಎಂಬ ಉತ್ತರ ಪಡೆದು ಮುಗಿಸಿತ್ತು. ಅಪ್ಪ ದಿಂಬಿನಿಂದ ಮುಂದಕ್ಕೆ ಬಾಗಿ, ಎಡಗೈಯಿಂದ ಮಂಚದ ಚೌಕಟ್ಟು ಹಿಡಿದಿದ್ದ.

"ಅಣ್ಣ ಹೂಂ ಅಂದ, ವೈನಿ," ಎಂದ ಕಾಕಾ.

 ಅವ್ವ ಅಪ್ಪನನ್ನು ಹಿಡಿದು ದಿಂಬಿಗೆ ಒರಗಿಸಿದಳು. ಅದು ಹೂಂ ಅಲ್ಲ ಎಂದು ಆಗಲೇ ಯಾಕೆ ಹೇಳಲಿಲ್ಲ ಎಂದು ನಾನು ಅವಳನ್ನು ಒಮ್ಮೆಯೂ ಕೇಳಲಿಲ್ಲ. ಹೇಳಿದ್ದರೂ ಹೋದದ್ದು ಬರುವಂತಿರಲಿಲ್ಲ.

ಅಪ್ಪನ ಗುಳಿಗೆ ತರುವುದಿತ್ತು. ಕಾಕಾನ ಜೊತೆ ಟಂಟಂ ಆಟೋ ಹತ್ತಿ ಗದಗಿನ ಬಸ್ ಸ್ಟ್ಯಾಂಡಿನವರೆಗೆ ಹೋದೆ. ಮುಂಡರಗಿ ಬಸ್ಸು ನಿಂತಿತ್ತು. ಹತ್ತುವ ಮೊದಲು ಅವನು ಕೇಳಿದ.

"ಸುಮಿ, ಅಣ್ಣ ಬ್ಯಾರೆ ಏನೂ ಮಾತಾಡಂಗಿಲ್ಲೇನು?"

"ಇಲ್ಲ ಕಾಕಾ. ಎಲ್ಲಾದಕ್ಕೂ ಅದೊಂದ. ಬ್ಯಾಡ ಅನ್ನೂದಿದ್ರೂ ಆತು ಅಂತಾನ."

ಕಾಕಾ ಮೆಟ್ಟಿಲ ಮೇಲಿಟ್ಟಿದ್ದ ಕಾಲನ್ನು ಕೆಳಗೆ ಇಳಿಸಿದ. ಹಿಂದಿನವರು ಅವನನ್ನು ತಳ್ಳಿಕೊಂಡು ಹತ್ತಿದರು. ಅವನು ಬೆಟಗೇರಿಯ ಕಡೆಗೆ ಹೋಗುವ ರಸ್ತೆಯನ್ನು ನೋಡುತ್ತ ನಿಂತ. ತಿರುಗಿ ಬರುತ್ತಾನೆ ಎಂದು ನಾನು ಅವನ ಚೀಲಕ್ಕೆ ಕೈ ಹಾಕಿದೆ. ಕಂಡಕ್ಟರ್ ಸೀಟಿ ಊದಿದ. "ಮುಂದಿನ ಐತವಾರ ಬರ್ತೀನಿ ಅಂತ ಹೇಳು," ಎಂದು ಹೇಳಿ ಕಾಕಾ ಬಸ್ಸು ಹತ್ತಿದ.

ಅವನು ಬಂದದ್ದು ಅದಕ್ಕೂ ಮುಂಚೆ ಗುರುವಾರ, ಅಪ್ಪ ತೀರಿಹೋದ ಸುದ್ದಿ ಕೇಳಿ. ಅಪ್ಪನಿಗೆ ಜಳಕ ಮಾಡಿಸಿ, ಹಣೆ ತುಂಬ ವಿಭೂತಿ ಹಚ್ಚಿ, ಹೂವಿನ ಮಾಲೆ ಹಾಕಿ, ಪಡಸಾಲೆಯ ಗೋಡೆಗೆ ಆನಿಸಿ ಕುಳ್ಳಿರಿಸಿದ್ದರು. ಭಜನೆಯವರು ಹಾಡುತ್ತಿದ್ದರು. ಕಾಕಾ ಜನರ ನಡುವೆ ದಾರಿ ಮಾಡಿಕೊಂಡು ಬಂದು, ಅಪ್ಪನ ಎದುರು ನೆಲಕ್ಕೆ ಕೂತು, ಅವನ ಎಡಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು ಏನೋ ಕೇಳಿದ. ಭಜನೆಯ ಗದ್ದಲದಲ್ಲಿ ಆ ಮಾತು ನನಗೆ ಕೇಳಿಸಲಿಲ್ಲ. ಕೇಳಿ, ಕಿವಿಯನ್ನು ಅಪ್ಪನ ಬಾಯಿಯ ಹತ್ತಿರ ಒಯ್ದು, ಹಾಗೆಯೇ ಕೂತುಬಿಟ್ಟ. ಹಿರಿಯರು ಬಂದು ಎಬ್ಬಿಸುವವರೆಗೂ ಅವನು ಅಲುಗಾಡಲಿಲ್ಲ.